ಜೈಲಿನಿಂದ ಬಂದವರ ಮೊದಲ 42 ದಿನ: ಕೊಡಗಿನ ಜಿಲ್ಲಾಧಿಕಾರಿಗಳಿಗೂ ಜನರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ತೋಟದ ಸಾಹುಕಾರರೇ, ಹೋಂಸ್ಟೇ ನಡೆಸುವವರೇ, ನಮ್ಮ ಊರು ಕೇರಿಯ ಅಣ್ಣ ಅಕ್ಕಂದಿರೇ,

ನಮಸ್ಕಾರ. ನಾನು ಸೋಮವಾರಪೇಟೆ ಕಡೆಯ ಒಬ್ಬ ಆಶಾ ಕಾರ್ಯಕರ್ತೆ. ಹನ್ನೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನ ತಮ್ಮ ಗಾಂಜಾ ಕೇಸಿನಲ್ಲಿ ಜೈಲಿಗೆ ಹೋಗಿ ಬಂದವನು. ಅವನ ಹೆಸರು ಬರೆಯುವುದಿಲ್ಲ. ನನ್ನ ಹೆಸರು ಬರೆದರೆ ಅವನದು ತಾನಾಗಿಯೇ ಗೊತ್ತಾಗುತ್ತದೆ, ಅದಕ್ಕೆ ನನ್ನದನ್ನೂ ಬರೆದಿಲ್ಲ. ಈ ಪತ್ರವನ್ನು ಮೊದಲು ಅವನಿಗೇ ಓದಿ ಹೇಳಿದೆ. ಬೇಡ ಅಂದ ಎರಡು ವಿಷಯ ತೆಗೆದುಹಾಕಿದೆ. ಉಳಿದದ್ದಕ್ಕೆ ಅವನ ಒಪ್ಪಿಗೆ ಇದೆ.

ಜೂನ್ 26 ಮಾದಕ ವಸ್ತು ವಿರೋಧಿ ದಿನ. ಅವತ್ತು ಜಾಥಾ ಇರುತ್ತದೆ. ಮೂರು ವರ್ಷದ ಹಿಂದೆಯೂ ಇತ್ತು. ಮಳೆ ಅಂದರೆ ಮಳೆ. ಮಕ್ಕಳು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫಲಕ ಹಿಡಿದು ನಡೆಯುತ್ತಿದ್ದರು. ಬ್ಯಾನರಿನ ಒಂದು ತುದಿ ನನ್ನ ಕೈಯಲ್ಲಿತ್ತು. ಮುಂದೆ ಮೈಕಿನಲ್ಲಿ ಒಬ್ಬರು "ಗಾಂಜಾ ಸೇದುವವನು" ಅಂತ ಕೂಗುತ್ತಿದ್ದರು, ನಾವೆಲ್ಲ ಸೇರಿ "ಊರಿಗೆ ಮಾರಿ" ಅಂತ ಮುಗಿಸುತ್ತಿದ್ದೆವು. ಬಸ್ ಸ್ಟ್ಯಾಂಡ್ ತಿರುವಿನಲ್ಲಿ ನನ್ನ ತಮ್ಮ ನಿಂತಿದ್ದ. ಜೈಲಿನಿಂದ ಬಂದು ಅವತ್ತಿಗೆ ಒಂಬತ್ತನೇ ದಿನ. ಅಮ್ಮನ ಬಿಪಿ ಮಾತ್ರೆ ತರಲು ಪೇಟೆಗೆ ಬಂದಿದ್ದ. ನಮ್ಮನ್ನು ನೋಡಿದವನೇ ತಿರುಗಿ, ಗೋಡೆ ಮೇಲಿನ ಬಸ್ ವೇಳಾಪಟ್ಟಿ ಓದತೊಡಗಿದ. ಆ ಬೋರ್ಡಿನ ಅಕ್ಷರ ಅಳಿಸಿಹೋಗಿ ಎಷ್ಟೋ ವರ್ಷವಾಗಿದೆ. ಅಲ್ಲಿ ಓದಲು ಏನೂ ಇರಲಿಲ್ಲ. ಜಾಥಾ ಪೂರ್ತಿ ದಾಟುವವರೆಗೂ ಅವನು ಓದುತ್ತಲೇ ಇದ್ದ.

ಅವತ್ತು ನಾನೂ ಕೂಗಿದೆ. ಎಲ್ಲರಿಗಿಂತ ಜೋರಾಗಿ ಕೂಗಿದೆ. ತಮ್ಮನ ಪರ ಇದ್ದಾಳೆ ಅಂತ ಯಾರೂ ಅಂದುಕೊಳ್ಳಬಾರದು ಅನ್ನೋ ಭಯ ನನಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಿಮ್ಮನ್ನು ಕೇಳುವುದನ್ನೆಲ್ಲ ನಾನು ನನ್ನನ್ನೂ ಕೇಳಿಕೊಂಡಿದ್ದೇನೆ.

ಅವನು ತಪ್ಪು ಮಾಡಿದ್ದ. ಅದನ್ನು ಮುಚ್ಚಿಡುವುದಿಲ್ಲ. ಪಿಕಪ್ ಓಡಿಸುತ್ತಿದ್ದ. ಕುಶಾಲನಗರ ಕಡೆಯ ಶುಂಠಿ ತುಂಬಿಕೊಂಡು ರಾತ್ರಿ ಮೈಸೂರಿಗೆ ಹೋಗಿ, ಬೆಳಗ್ಗೆ ಬಂದು, ಮಧ್ಯಾಹ್ನ ಮತ್ತೆ ಲೋಡಿಗೆ ನಿಲ್ಲುತ್ತಿದ್ದ. ಬೆನ್ನು ನೋವಿಗೆ ಅಂತ ಯಾರೋ ಜೊತೆಗಾರ ಒಂದು ಮಾತ್ರೆ ಕೊಟ್ಟ. ನೋವೂ ಹೋಯಿತು, ದಣಿವೂ ಹೋಯಿತು. ಆಮೇಲೆ ಮಾತ್ರೆ ಇಲ್ಲದೆ ಸ್ಟೀರಿಂಗ್ ಹಿಡಿಯಲು ಆಗುತ್ತಿರಲಿಲ್ಲ. ಮಾತ್ರೆ ನುಂಗಿದ ಮೇಲೆ ನಿದ್ದೆ ಬರುತ್ತಿರಲಿಲ್ಲ, ಅದಕ್ಕೆ ಗಾಂಜಾ. ಕೊನೆಗೆ ತನ್ನ ಚಟದ ಖರ್ಚಿಗೆ ಬೇರೆಯವರಿಗೂ ತಂದುಕೊಡಲು ಶುರು ಮಾಡಿದ. ಟಾರ್ಪಾಲಿನ ಕೆಳಗೆ 2 ಕೆ.ಜಿ. ಗಾಂಜಾ ಸಿಕ್ಕಿತು. ಅದನ್ನು ಕೊಂಡುಕೊಳ್ಳುತ್ತಿದ್ದವರಲ್ಲಿ ಕಾಲೇಜು ಹುಡುಗರೂ ಇದ್ದರು. ಆ ಮಕ್ಕಳ ತಾಯಂದಿರ ಮುಖ ನೆನಪಾದರೆ ಇವತ್ತಿಗೂ ನನಗೆ ಅನ್ನ ಸೇರುವುದಿಲ್ಲ.

ಇನ್ನೊಂದು ನೆನಪೂ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲ ಕಡೆಯ ಜನ ಉಟ್ಟ ಬಟ್ಟೆಯಲ್ಲೇ ಬಂದರಲ್ಲ, ಆಗ ಇದೇ ಹುಡುಗ ಮೂರು ದಿನ ಮನೆಗೆ ಬರದೆ ಅಕ್ಕಿ ಮೂಟೆ, ಕಂಬಳಿ, ಹಾಲಿನ ಪುಡಿ ಸಾಗಿಸಿದ. ನಾನು ಪರಿಹಾರ ಕೇಂದ್ರದಲ್ಲಿದ್ದೆ. "ನಿನ್ನ ತಮ್ಮ ಚಿನ್ನದಂಥ ಹುಡುಗ ಕಣೇ" ಅಂತ ಎಷ್ಟು ಜನ ಹೇಳಿದರು. ಆಗಲೇ ಅವನು ಮಾತ್ರೆ ನುಂಗುತ್ತಿದ್ದ ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ. ಚಿನ್ನದಂಥ ಹುಡುಗನೂ ಅವನೇ, ಮಾತ್ರೆ ನುಂಗಿದವನೂ ಅವನೇ. ಊರಿಗೆ ಈಗ ನೆನಪಿರುವುದು ಒಂದೇ.

1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ 1 ಕೆ.ಜಿ.ವರೆಗೆ ಇದ್ದರೆ ಸಣ್ಣ ಪ್ರಮಾಣ. ಅದೇ ಕಾಯ್ದೆಯ 64ಎ ಕಲಂ ಇನ್ನೊಂದು ಮಾತು ಹೇಳುತ್ತದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರ ಒಪ್ಪಿದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಉಚಿತ ಕಾನೂನು ನೆರವಿನ ವಕೀಲರು ಇದನ್ನು ಹೇಳಿದಾಗ ತಮ್ಮ ಒಳಗೆ ಹೋಗಿ ಐದು ತಿಂಗಳಾಗಿತ್ತು. 2 ಕೆ.ಜಿ. ಸಿಕ್ಕಿದ್ದರಿಂದ ಅವನಿಗೆ ಅದು ಅನ್ವಯಿಸುತ್ತಲೂ ಇರಲಿಲ್ಲ. ಆದರೆ ಅದಕ್ಕೂ ಎರಡು ವರ್ಷ ಮುಂಚೆ ಒಂದು ದಿನ ಅವನೇ "ಅಕ್ಕ, ಆಸ್ಪತ್ರೆಗೆ ಹೋಗೋಣ್ವಾ" ಅಂತ ಕೇಳಿದ್ದ. ಡಾಕ್ಟರ್ ಹತ್ತಿರ ಹೇಳಿದರೆ ಪೊಲೀಸರಿಗೆ ಗೊತ್ತಾಗುತ್ತೆ ಅಂತ ಹೆದರಿ ನಾನೇ ಬೇಡ ಅಂದಿದ್ದೆ. ಆರೋಗ್ಯ ಇಲಾಖೆಯ ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡಾಡುವ ನನಗೇ ಗೊತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುವಿನಿಂದ ಬರುವ ತೊಂದರೆಯನ್ನೂ ಮಾನಸಿಕ ಕಾಯಿಲೆಯ ಒಳಗೇ ಸೇರಿಸಿದ್ದಾರೆ. ರೋಗಿಯ ವಿಷಯ ಗುಟ್ಟಾಗಿಡಬೇಕು ಅಂತಲೂ ಅದರಲ್ಲಿದೆ. ನನಗೇ ಗೊತ್ತಿರಲಿಲ್ಲ ಅಂದಮೇಲೆ ತೋಟದ ಕೂಲಿಯವರ ಲೈನ್‌ಮನೆಯ ತಾಯಿಗೆ ಹೇಗೆ ಗೊತ್ತಿರಬೇಕು?

ಆರನೇ ತಿಂಗಳಿಗೆ ಜಾಮೀನು ಮಂಜೂರಾಯಿತು. ಆದರೆ ಪಹಣಿ ಹಿಡಿದು ಬಂದು ಸಹಿ ಹಾಕುವವರು ಸಿಗಲಿಲ್ಲ. ಜೈಲಿನ ಗೇಟಿನ ಹತ್ತಿರ ಪರಿಚಯವಾದ ವಿರಾಜಪೇಟೆ ಕಡೆಯ ಒಬ್ಬ ತಾಯಿ ಹೇಳುತ್ತಿದ್ದರು: "ನಮಗೆ ಜಾಗ ಇದೆಯಮ್ಮ, ಆದರೆ ಜಮ್ಮಾ ಜಾಗ, ಇಡೀ ಮನೆತನಕ್ಕೆ ಸೇರಿದ್ದು. ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ ಹೆಸರು. ಯಾರ ಹತ್ತಿರ ಹೋಗಿ ಕೇಳಲಿ?" ಹೀಗೆ ಬಡವರ ಮಕ್ಕಳು ತೀರ್ಪಿಗೆ ಮುಂಚೆಯೇ ವರ್ಷಗಟ್ಟಲೆ ಒಳಗಿರುತ್ತಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನ ಕೈದಿಗಳು. ಊರಿನ ಬಾಯಿಗೆ ಮಾತ್ರ ಎಲ್ಲರೂ ಒಂದೇ, "ಜೈಲಿಗೆ ಹೋಗಿ ಬಂದವನು". ನನ್ನ ತಮ್ಮನಿಗೆ ಎರಡು ವರ್ಷ ಶಿಕ್ಷೆ ಆಯಿತು. ವಿಚಾರಣೆ ಕಾಲದ ಹದಿನೇಳು ತಿಂಗಳು ಕಳೆದು ಉಳಿದದ್ದು ಏಳು ತಿಂಗಳು. ಅದನ್ನೂ ಮುಗಿಸಿದ.

ಈಗ ಈ ಪತ್ರದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಗು ಮನೆಗೆ ಬಂದರೆ ನಾವು ಆಶಾಗಳು ಆರು ಸಲ ಆ ಮನೆಗೆ ಹೋಗಬೇಕು. 3, 7, 14, 21, 28 ಮತ್ತು 42ನೇ ದಿನ. ಮಗುವಿನ ತೂಕ, ಮೈ ಬಿಸಿ, ಹೊಕ್ಕುಳು, ತಾಯಿಗೆ ರಕ್ತಸ್ರಾವ ಇದೆಯೇ, ಊಟ ಸರಿ ಮಾಡುತ್ತಿದ್ದಾಳೆಯೇ, ಎಲ್ಲ ನೋಡಿ ಫಾರಂ ತುಂಬಬೇಕು. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು, ಆನೆ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಂಡು ಹೋಗುತ್ತೇವೆ. ಯಾಕೆ? ಆ ದಿನಗಳಲ್ಲೇ ಅಪಾಯ ಜಾಸ್ತಿ ಅಂತ ಗೊತ್ತಿರುವುದರಿಂದ.

ಮಾದಕ ವ್ಯಸನ ಇದ್ದು ಜೈಲಿನಿಂದ ಹೊರಬಂದವನಿಗೂ ಮೊದಲ ದಿನಗಳಲ್ಲೇ ಅಪಾಯ ಜಾಸ್ತಿ. ಅದರಲ್ಲೂ ಮೊದಲ ಎರಡು ವಾರ. ಅಫೀಮಿನ ಜಾತಿಯ ಮಾತ್ರೆ, ಹೆರಾಯಿನ್ ಬಳಸುತ್ತಿದ್ದವರಿಗೆ ಇದು ಇನ್ನೂ ನಿಜ. ಒಳಗೆ ತಿಂಗಳುಗಟ್ಟಲೆ ಸಿಗದೆ ಇದ್ದಾಗ ದೇಹ ಆ ವಿಷವನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಮನಸ್ಸಿಗೆ ಮಾತ್ರ ಹಳೆಯ ಲೆಕ್ಕವೇ ನೆನಪಿರುತ್ತದೆ. ಮೊದಲು ಆರು ಮಾತ್ರೆ ನುಂಗುತ್ತಿದ್ದವನು ಹೊರಗೆ ಬಂದು ಅಷ್ಟೇ ನುಂಗಿದರೆ ಉಸಿರೇ ನಿಂತುಹೋಗಬಹುದು. ಇದನ್ನು ಜಗತ್ತಿನ ಬೇರೆ ಬೇರೆ ದೇಶಗಳಲ್ಲಿ ಅಧ್ಯಯನ ಮಾಡಿ ಕಂಡುಕೊಂಡಿದ್ದಾರೆ. ಆದರೂ ಆ ದಿನಗಳಲ್ಲಿ ನನ್ನ ತಮ್ಮನನ್ನು ನೋಡಲು ಯಾವ ಇಲಾಖೆಯಿಂದಲೂ ಯಾರೂ ಬರಲಿಲ್ಲ. ಮಗುವಿಗೆ ಆರು ಭೇಟಿ. ಇವನಿಗೆ ಒಂದೂ ಇಲ್ಲ.

ಆ 42 ದಿನ ನಮ್ಮ ಮನೆಯಲ್ಲಿ ಹೇಗಿತ್ತು ಅಂತ ಹೇಳುತ್ತೇನೆ.

ಗೇಟಿನಿಂದ ಹೊರಗೆ ಬಂದಾಗ ಹಿಡಿದ ದಿನ ತೊಟ್ಟಿದ್ದ ಅದೇ ಪ್ಯಾಂಟು. ಸೊಂಟದಲ್ಲಿ ನಿಲ್ಲದೆ ಒಂದು ಕೈಯಲ್ಲಿ ಹಿಡಿದುಕೊಂಡೇ ಬಸ್ ಹತ್ತಿದ. ವಾಪಸ್ ಕೊಟ್ಟ ಫೋನಿನ ಸಿಮ್ ಸತ್ತಿತ್ತು. ಡ್ರೈವಿಂಗ್ ಲೈಸೆನ್ಸಿನ ಅವಧಿ ಮುಗಿದಿತ್ತು. ಪರ್ಸಿನಲ್ಲಿ ಇನ್ನೂರು ರೂಪಾಯಿಯ ಒಂದು ನೋಟು. ಮನೆಗೆ ಬಂದವನಿಗೆ ಅಮ್ಮ ಬೆಲ್ಲದ ಕಾಫಿ ಕೊಟ್ಟರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ಹೊರಗೆ ಹೋಗಿ ನಿಂತ. ಅವನು ಅತ್ತದ್ದನ್ನು ನಾವು ನೋಡಲಿಲ್ಲ ಅನ್ನುವ ಹಾಗೆ ಇದ್ದೆವು.

ನಾಲ್ಕನೇ ದಿನ ಪಕ್ಕದ ಮನೆಗೆ ಇಬ್ಬರೂ ಹೋದೆವು. ನನಗೆ ಸ್ಟೀಲ್ ಲೋಟದಲ್ಲಿ ಕಾಫಿ, ಅವನಿಗೆ ಪೇಪರ್ ಕಪ್ಪಿನಲ್ಲಿ. ಅವನು ಹುಟ್ಟಿದಾಗ ಎತ್ತಿ ಆಡಿಸಿದ ಮನೆ ಅದು. ಕುಡಿದು ಮುಗಿಸಿ ಆ ಕಪ್ಪನ್ನು ಮಡಚಿ ಜೇಬಿಗೆ ಹಾಕಿಕೊಂಡ. "ಅಲ್ಲೇ ಬಿಸಾಡೋದಲ್ವಾ" ಅಂದೆ. "ಬೇಡ ಅಕ್ಕ, ಅವರು ಮತ್ತೆ ಮುಟ್ಟಬೇಕಾಗುತ್ತೆ" ಅಂದ.

ಮನೆಯೊಳಗೂ ಸುಖ ಇರಲಿಲ್ಲ. ಬೀರುವಿನ ಕೀ ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗುತ್ತಿದ್ದೆ. ದುಡ್ಡನ್ನು ಅಕ್ಕಿ ಡಬ್ಬದಲ್ಲಿಟ್ಟು ದಿನಾ ಎಣಿಸುತ್ತಿದ್ದೆ. ಒಂದು ದಿನ ಎಣಿಸುವುದನ್ನು ಅವನು ಬಾಗಿಲಲ್ಲಿ ನಿಂತು ನೋಡಿದ. ನಾನು ನೆಲಕ್ಕಿಳಿದು ಹೋದೆ. ಅವನೇ ಹೇಳಿದ: "ಎಣಿಸಿ ಇಡು ಅಕ್ಕ. ನೀನು ಎಣಿಸ್ತೀಯ ಅಂತ ಗೊತ್ತಿದ್ರೆ ನನಗೂ ಧೈರ್ಯ." ನಂಬಿಕೆ ಅಂದರೆ ಕಣ್ಣು ಮುಚ್ಚಿ ಬಿಡುವುದು ಅಂತ ತಿಳಿದಿದ್ದೆ. ಅವನಿಗೆ ಬೇಕಾಗಿದ್ದದ್ದು ಅದಲ್ಲ. ಜೊತೆಗಿದ್ದು ನೋಡಿಕೊಳ್ಳುವವರು ಬೇಕಾಗಿತ್ತು.

ಕೆಲಸಕ್ಕೆ ಅಲೆದ. ಪ್ರವಾಸಿಗರನ್ನು ಕರೆದೊಯ್ಯುವ ಒಂದು ಕಡೆ ಡ್ರೈವರ್ ಬೇಕಿತ್ತು. ಫಾರಂನಲ್ಲಿ ಕೇಸು ಇದೆಯೇ ಅನ್ನುವ ಪ್ರಶ್ನೆ ಇತ್ತು. ಹೌದು ಅಂತ ಬರೆದ. ಅಲ್ಲಿಗೆ ಮುಗಿಯಿತು. ಸುಳ್ಳು ಬರೆದಿದ್ದರೆ ಕೆಲಸ ಸಿಗುತ್ತಿತ್ತೇನೋ. ಲೈಸೆನ್ಸ್ ನವೀಕರಣ ಆಗುವವರೆಗೆ ಲೋಡಿಂಗ್ ಕೆಲಸವಾದರೂ ಕೊಡಿ ಅಂತ ಇನ್ನೊಂದು ಕಡೆ ಕೇಳಿದ. "ನಿನ್ನನ್ನು ಸೇರಿಸಿಕೊಂಡರೆ ಪೊಲೀಸರು ನಮ್ಮ ಗೋಡೌನಿಗೂ ಬರ್ತಾರೆ" ಅಂದರಂತೆ.

ಹೀಗಿರುವಾಗ 37ನೇ ದಿನ ಊರಿನ ಒಂದು ಮನೆಯ ಗೋಡೌನಿನಿಂದ ಕರಿಮೆಣಸಿನ ಮೂಟೆ ಕಾಣೆಯಾಯಿತು. ರೇಟು ಬರಲಿ ಅಂತ ಕಟ್ಟಿಟ್ಟ ಮೆಣಸು. ಸಂಜೆ ಏಳಕ್ಕೆ ಮೂವರು ನಮ್ಮ ಅಂಗಳಕ್ಕೆ ಬಂದರು. ಅವರು ಬಾಯಿ ತೆರೆಯುವ ಮುಂಚೆಯೇ ತಮ್ಮ ಎದ್ದು ನಿಂತು ಎರಡೂ ಜೇಬನ್ನು ಹೊರಗೆ ಎಳೆದು ತೋರಿಸಿದ. ಒಂದು ಮೂಟೆ ಮೆಣಸು ಜೇಬಿನಲ್ಲಿ ಹಿಡಿಸುತ್ತದೆಯೇ? ಒಳಗೆ ಕಲಿತ ಅಭ್ಯಾಸ ಅದು. ಯಾರಾದರೂ ಎದುರು ಬಂದು ನಿಂತರೆ ಜೇಬು ತೋರಿಸುವುದು. ಬಂದವರಲ್ಲಿ ಒಬ್ಬರು "ಕಳ್ಳನ ಮನಸ್ಸು ಹುಳ್ಳುಳ್ಳಗೆ" ಅಂದರು. ನಾಲ್ಕು ದಿನ ಬಿಟ್ಟು ಆ ಮೂಟೆ ಅದೇ ಗೋಡೌನಿನಲ್ಲಿ, ಕಾಫಿ ಚೀಲಗಳ ಹಿಂದೆ ಸಿಕ್ಕಿತು. ಸಿಕ್ಕಿತು ಅಂತ ಹೇಳಲು ಆ ಮೂವರಲ್ಲಿ ಒಬ್ಬರೂ ಬರಲಿಲ್ಲ. ಹಾಲಿನ ಡೇರಿ ಹತ್ತಿರ ಬೇರೆ ಯಾರೋ ಮಾತಾಡುವಾಗ ಕೇಳಿದೆ.

ಆದರೆ ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮೂವರು ಬಂದುಹೋದ ಆ ರಾತ್ರಿಯೇ ಅವನು ಹಳೆಯ ಗೆಳೆಯನೊಬ್ಬನನ್ನು ಹುಡುಕಿಕೊಂಡು ಹೋಗಿದ್ದ. ಯಾವಾಗ ವಾಪಸ್ ಬಂದನೋ ಗೊತ್ತಿಲ್ಲ. ಎರಡು ಗಂಟೆಗೆ ನನಗೆ ಎಚ್ಚರವಾಯಿತು. ಜಗುಲಿಯಿಂದ ಗೊರಕೆ ಕೇಳುತ್ತಿತ್ತು. ಗೊರಕೆ ಹಾಗಿರುವುದಿಲ್ಲ. ಒಂದು ಎಳೆದು, ಬಹಳ ಹೊತ್ತು ನಿಂತು, ಮತ್ತೆ ಒಂದು. ಟಾರ್ಚ್ ಹಾಕಿ ನೋಡಿದೆ. ತುಟಿ ನೀಲಿಯಾಗಿತ್ತು. ಹೆಸರು ಹಿಡಿದು ಕೂಗಿದರೂ, ಕೆನ್ನೆಗೆ ಹೊಡೆದರೂ ಕಣ್ಣು ಬಿಡಲಿಲ್ಲ. ಮಾತ್ರೆಯ ಮೇಲೆ ಮದ್ಯ ಕುಡಿದಿದ್ದ. 108ಕ್ಕೆ ಫೋನ್ ಮಾಡಿ, ಅವನನ್ನು ಪಕ್ಕಕ್ಕೆ ಮಗ್ಗುಲಾಗಿಸಿ, ಬಾಯಲ್ಲಿದ್ದದ್ದನ್ನು ಬೆರಳಿನಿಂದ ತೆಗೆದು, ಗಾಡಿ ಬರುವವರೆಗೆ ಅವನ ಮೂಗಿನ ಹತ್ತಿರ ಕೈ ಹಿಡಿದು ಕೂತಿದ್ದೆ. ಅಮ್ಮ ಮಂಜಿನಲ್ಲಿ ದಾರಿ ತೋರಿಸಲು ಟಾರ್ಚ್ ಹಿಡಿದು ರಸ್ತೆವರೆಗೆ ಹೋಗಿ ನಿಂತಿದ್ದರು.

ಮನೆಯಲ್ಲಿ ಇಂಥ ಹುಡುಗರು ಇರುವ ತಾಯಂದಿರೇ, ಇದೊಂದನ್ನು ನೆನಪಿಡಿ. ಎಬ್ಬಿಸಿದರೆ ಏಳುವುದಿಲ್ಲ, ಉಸಿರು ನಿಧಾನ, ತುಟಿ ಉಗುರು ನೀಲಿ, ಗಂಟಲಲ್ಲಿ ಗೊರಗೊರ ಸದ್ದು. ಇದು ನಶೆಯ ನಿದ್ದೆ, ಬೆಳಗ್ಗೆ ಸರಿಹೋಗುತ್ತೆ ಅಂತ ಬಿಡಬೇಡಿ. ಒಬ್ಬನೇ ಮಲಗಲು ಬಿಡಬೇಡಿ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಉಸಿರು ನಿಂತೇಹೋಗಿದ್ದರೆ 108ರವರು ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಮಾಡಿ. ಏನು ನುಂಗಿದ್ದಾನೆ ಅಂತ ಡಾಕ್ಟರಿಗೆ ನಿಜ ಹೇಳಿ. ಅಫೀಮಿನ ಜಾತಿಯ ಮಾತ್ರೆಯ ವಿಷ ಇಳಿಸಲು ನಲಾಕ್ಸೋನ್ ಅನ್ನುವ ಇಂಜೆಕ್ಷನ್ ಇದೆ. ನಿಜ ಹೇಳಿದರೆ ತಾನೇ ಅವರಿಗೆ ಅದು ಹೊಳೆಯುವುದು?

ಅವನು ಬದುಕಿದ. ಆಸ್ಪತ್ರೆಯಲ್ಲಿ "ಇಂಥವರಿಗೆಲ್ಲ ಬೆಡ್ ಕೊಡಬೇಕಲ್ಲ" ಅಂದವರೂ ಇದ್ದರು. ಆ ರಾತ್ರಿ ಪೂರ್ತಿ ಹತ್ತು ಹತ್ತು ನಿಮಿಷಕ್ಕೆ ಬಂದು ನೋಡಿದ ಒಬ್ಬ ನರ್ಸ್ ಅಕ್ಕನೂ ಇದ್ದರು. ಬೆಳಗ್ಗೆ ಅವರೇ ಒಂದು ಚೀಟಿಯಲ್ಲಿ ಮುಂದಿನ ಮಂಗಳವಾರದ ದಿನಾಂಕ ಬರೆದು ತಮ್ಮನ ಅಂಗಿ ಜೇಬಿಗೆ ಇಟ್ಟರು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ತಜ್ಞರು ಬರುತ್ತಾರೆ. ಎಲ್ಲವೂ ಬದಲಾಗಿದ್ದು ಆ ಚೀಟಿಯಿಂದ. ಅದೇ ಚೀಟಿಯನ್ನು 37 ದಿನ ಮುಂಚೆ, ಜೈಲಿನ ಗೇಟಿನಲ್ಲಿ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ಚಿಕಿತ್ಸೆ ಅಂದರೆ ಒಂದು ಇಂಜೆಕ್ಷನ್, ಮುಗಿಯಿತು ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ನಾನು ಟಿಬಿ ರೋಗಿಗಳಿಗೆ ಆರು ತಿಂಗಳು ಮಾತ್ರೆ ನುಂಗಿಸಿದವಳು. ಮಧ್ಯದಲ್ಲಿ ಬಿಟ್ಟವರ ಮನೆಗೆ ಮತ್ತೆ ಹೋಗಿ ಕೈ ಮುಗಿದು ಶುರು ಮಾಡಿಸಿದ್ದೇನೆ. ಬಿಪಿ, ಅಸ್ತಮಾ ಇರುವವರು ಪಥ್ಯ ಬಿಟ್ಟು ಮತ್ತೆ ಹುಷಾರು ತಪ್ಪುತ್ತಾರೆ. ವ್ಯಸನದಿಂದ ಹೊರಬರುತ್ತಿರುವವರು ಮತ್ತೆ ಜಾರುವುದೂ ಹೆಚ್ಚುಕಡಿಮೆ ಅಷ್ಟೇ. ಬಿಪಿ ಏರಿದವರನ್ನು ನಾವು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಇವರು ಜಾರಿದರೆ "ನಾಯಿ ಬಾಲ ಡೊಂಕೇ" ಅನ್ನುತ್ತೇವೆ.

ಚಿಕಿತ್ಸೆ ಶುರುವಾದ ಮೇಲೆ ತಮ್ಮನೂ ಒಂದು ಸಲ ಜಾರಿದ. ಮಾರನೇ ವರ್ಷ ಮೇ ತಿಂಗಳಲ್ಲಿ ನೆಂಟರ ಮದುವೆ. ನಮ್ಮ ಜಿಲ್ಲೆಯ ಮದುವೆ ಮನೆಗಳು ಹೇಗಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮೊದಲು "ನೀನು ಬಾ, ಅವನನ್ನು ಕರ್ಕೊಂಡು ಬರಬೇಡ" ಅಂದರು. ಅಮ್ಮ ಬೇಸರ ಮಾಡಿಕೊಂಡ ಮೇಲೆ ಅವನನ್ನೂ ಕರೆದರು. ಕರೆದವರೇ ರಾತ್ರಿ "ಗಾಂಜಾ ಬಿಟ್ಟಿದ್ದೀಯಲ್ಲ, ಒಂದು ಪೆಗ್‌ಗೆ ಏನಾಗುತ್ತೆ" ಅಂತ ಕೈಗೆ ಗ್ಲಾಸ್ ಕೊಟ್ಟರು. ಒಂದರ ಮೇಲೆ ಒಂದಾಯಿತು, ಆಮೇಲೆ ಮಾತ್ರೆ. ಆದರೆ ಬೆಳಗ್ಗೆ ಐದೂವರೆಗೆ ಅವನೇ ಬಂದು ನನ್ನನ್ನು ಎಬ್ಬಿಸಿ "ಅಕ್ಕ, ನಿನ್ನೆ ತಗೊಂಡೆ. ಇವತ್ತು ಮಂಗಳವಾರ ಅಲ್ಲ, ಆದರೂ ಹೋಗೋಣ" ಅಂದ. ನಾವು ಹೋದೆವು. ಅವತ್ತಿನಿಂದ ಇವತ್ತಿನವರೆಗೆ ಎರಡು ವರ್ಷ ದಾಟಿತು, ಏನನ್ನೂ ಮುಟ್ಟಿಲ್ಲ. ಅವನು ಗೆದ್ದದ್ದು ಯಾವತ್ತು ಅಂತ ಕೇಳಿದರೆ ನಾನು ಆ ಬೆಳಗ್ಗೆ ಐದೂವರೆ ಅಂತ ಹೇಳುತ್ತೇನೆ.

ಮದ್ಯದ ವಿಷಯ ಬಂತು, ಒಂದು ಮಾತು ಹೇಳಿಬಿಡುತ್ತೇನೆ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಸಮೀಕ್ಷೆಯಲ್ಲಿ, ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಇದೆ. ನನ್ನ ವ್ಯಾಪ್ತಿಯ ಮನೆಗಳಲ್ಲಿ ಕುಡಿತದಿಂದ ಹಾಳಾದ ಗಂಡಸರು ಎಷ್ಟು ಜನ! ಅವರಿಗೆ "ಸ್ವಲ್ಪ ಜಾಸ್ತಿ ಕುಡೀತಾರೆ ಪಾಪ" ಅನ್ನುತ್ತೇವೆ. ಆ ಪಾಪ ಅನ್ನುವ ಮಾತು ನನ್ನ ತಮ್ಮನಂಥವರಿಗೆ ಯಾಕಿಲ್ಲ?

ಅವನಿಗೆ ಕೆಲಸ ಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ಸಾಹುಕಾರರು. ಜೈಲಿನಿಂದ ಬಂದ ವರ್ಷವೇ, ನವೆಂಬರ್‌ನಲ್ಲಿ ಕಾಫಿ ಕುಯ್ಲು ಶುರುವಾಗುವಾಗ ಆಳು ಸಿಗದೆ ಒದ್ದಾಡುತ್ತಿದ್ದರು. ತಮ್ಮ ಹೋಗಿ ನಿಂತು, ಕೇಳುವ ಮುಂಚೆಯೇ ಎಲ್ಲ ಹೇಳಿಕೊಂಡ. ಅವರು ಪೂರ್ತಿ ಕೇಳಿ, "ಮೆಣಸು ಕುಯ್ಯೋಕೆ ಏಣಿ ಹತ್ತಕ್ಕೆ ಬರುತ್ತಾ?" ಅಂದರು. ಬರುತ್ತೆ ಅಂದ. "ಹಾಗಾದ್ರೆ ನಾಳೆ ಏಳೂವರೆಗೆ ಬಾ. ಮೆಣಸು ಬರೋವರೆಗೆ ಕಾಫಿ ಕುಯ್ಯಿ." ಅಷ್ಟೇ. ಉಪದೇಶ ಮಾಡಲಿಲ್ಲ. ಮೊದಲ ಶನಿವಾರ ಬಟವಾಡೆ ದಿನ ತಮ್ಮನೇ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಹೋಗಿ, "ನನ್ನ ದುಡ್ಡು ನನ್ನ ಕೈಗೆ ಕೊಡಬೇಡಿ ಸಾರ್, ಅಕ್ಕನಿಗೆ ಕೊಡಿ" ಅಂದ. ಒಂದು ವರ್ಷ ಹಾಗೇ ನಡೆಯಿತು. ಮದುವೆ ಮನೆಯಲ್ಲಿ ಜಾರಿದ್ದನ್ನೂ ಸಾಹುಕಾರರಿಗೆ ತಾನೇ ಹೇಳಿದ. ಮೂರು ದಿನ ರಜೆ ಕೊಟ್ಟು, ನಾಲ್ಕನೇ ದಿನ ಬಾ ಅಂದರು. ಈಗ ಅವನು ಅಲ್ಲೇ ನರ್ಸರಿ ನೋಡಿಕೊಳ್ಳುತ್ತಾನೆ. ಮೆಣಸಿನ ಬಳ್ಳಿ ತುಂಡು ಮಾಡಿ ಪಾಕೀಟಿಗೆ ಇಡುವುದು, ಕಾಫಿ ಸಸಿಗೆ ನೆರಳು ಕಟ್ಟುವುದು, ಮಳೆಗೆ ಮುಂಚೆ ಮರ ಕಪಾತಿಗೆ ಆಳು ನೋಡುವುದು.

ಅವನ ಜೇಬಲ್ಲಿ ಯಾವಾಗಲೂ ಏಲಕ್ಕಿ ಇರುತ್ತದೆ. ತೆಗೆದುಕೊಳ್ಳಬೇಕು ಅನ್ನುವ ಆಸೆ ಮೇಲೆ ಬಂದಾಗ ಒಂದು ಬಾಯಿಗೆ ಹಾಕಿ ಹದಿನೈದು ನಿಮಿಷ ಜಗಿಯುತ್ತಾನೆ. ಅಷ್ಟು ಹೊತ್ತು ತಡೆದರೆ ಅಲೆ ಇಳಿಯುತ್ತದಂತೆ. ಪೇಟೆಗೆ ಹೋಗುವಾಗ ಹಳೆಯ ಅಡ್ಡೆಯ ದಾರಿ ಬಿಟ್ಟು ತೋಟದೊಳಗಿನ ಏರುದಾರಿ ಹಿಡಿಯುತ್ತಾನೆ, ಇಪ್ಪತ್ತು ನಿಮಿಷ ಜಾಸ್ತಿ. ಕೆಲವು ನಂಬರಿನಿಂದ ಫೋನ್ ಬಂದರೆ ಸುಮ್ನೆ ನನ್ನ ಕೈಗೆ ಕೊಡುತ್ತಾನೆ. ಇದನ್ನೆಲ್ಲ ಯಾರೂ ನೋಡುವುದಿಲ್ಲ. ದಿನಾ ಇಷ್ಟು ಕಷ್ಟಪಟ್ಟು ಒಳ್ಳೆಯವನಾಗಿರುವ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ಇಷ್ಟಾದ ಮೇಲೂ ಹೋದ ಡಿಸೆಂಬರ್ ಕೊನೆಯ ವಾರ, ಹೊಸ ವರ್ಷಕ್ಕೆ ಪ್ರವಾಸಿಗರು ಬರುವ ಹೊತ್ತಿಗೆ, ಒಂದು ಠಾಣೆಯಿಂದ ಕರೆ ಬಂತು. ಹಳೆಯ ಕೇಸಿನವರೆಲ್ಲ ಬಂದು ನಿಲ್ಲಬೇಕು. ಹೋದ. ಸಾಲಾಗಿ ನಿಲ್ಲಿಸಿ ಬುದ್ಧಿ ಹೇಳಿದರು. ಬುದ್ಧಿ ಹೇಳಲಿ, ಬೇಡ ಅನ್ನುವುದಿಲ್ಲ. ಯಾರೋ ಫೋಟೋ ತೆಗೆದರು. ಸಂಜೆಯೊಳಗೆ ಆ ಫೋಟೋ ಊರಿನ ವಾಟ್ಸ್ಆಪ್ ಗುಂಪುಗಳಲ್ಲಿ ಓಡಾಡಿತು. ಅವನಿಗೆ ನೋಡಿದ್ದ ಒಂದು ಹೆಣ್ಣಿನ ಸಂಬಂಧ ಅವತ್ತೇ ಮುರಿಯಿತು. ಆ ರಾತ್ರಿ ನಾನು ಜಗುಲಿಯಲ್ಲೇ ಚಾಪೆ ಹಾಕಿ ಮಲಗಿದೆ, ಅವನ ಉಸಿರು ಕೇಳಿಸಿಕೊಳ್ಳುತ್ತ. ಅವನು ಎರಡು ಏಲಕ್ಕಿ ಜಗಿದು ನಿದ್ದೆ ಹೋದ. ಶಿಕ್ಷೆ ಮುಗಿಸಿದವನ ಮುಖವನ್ನು ಹೀಗೆ ಮನೆಮನೆಗೆ ಹಂಚಿ ಅಂತ ಯಾವ ತೀರ್ಪಿನಲ್ಲೂ ಬರೆದಿರಲಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ಮಾದಕ ವಸ್ತು ತಡೆಯ ಜಿಲ್ಲಾ ಸಮಿತಿ ನಿಮ್ಮ ಅಧ್ಯಕ್ಷತೆಯಲ್ಲೇ ಸೇರುತ್ತದೆ. ಪೊಲೀಸ್, ಅಬಕಾರಿ, ಆರೋಗ್ಯ, ಶಿಕ್ಷಣ ಎಲ್ಲ ಇಲಾಖೆಯವರೂ ಒಂದೇ ಮೇಜಿನ ಸುತ್ತ ಕೂರುತ್ತೀರಿ. ಎಷ್ಟು ಕೆ.ಜಿ. ಹಿಡಿದೆವು ಅನ್ನುವ ಲೆಕ್ಕದ ಜೊತೆ ಇನ್ನೊಂದು ಲೆಕ್ಕ ಕೇಳಿ. ಈ ತಿಂಗಳು ಜೈಲಿನಿಂದ ಹೊರಬಂದ ವ್ಯಸನಿಗಳು ಎಷ್ಟು ಜನ, ಅವರಲ್ಲಿ ಎಷ್ಟು ಜನ ಬದುಕಿದ್ದಾರೆ, ಎಷ್ಟು ಜನ ಮಂಗಳವಾರದ ಕ್ಲಿನಿಕ್ಕಿಗೆ ಬಂದರು. ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ಬಿಡುಗಡೆ ನಂತರದ ಆರೈಕೆಗೆ ಒಂದು ಅಧ್ಯಾಯವೇ ಇದೆ. ಅದರಲ್ಲಿ ಒಂದು ಸಣ್ಣ ಭಾಗವನ್ನು ನಮ್ಮ ಜಿಲ್ಲೆಯಲ್ಲಿ ಮಾಡಿ ತೋರಿಸಿ. ಬಿಡುಗಡೆಯ ದಿನ ಕೈಗೆ ಒಂದು ಚೀಟಿ, ಯಾವ ಆಸ್ಪತ್ರೆ, ಯಾವ ದಿನ ಅಂತ. ಅವನು ಒಪ್ಪಿದರೆ ಮಾತ್ರ, ಮಗುವಿಗೆ ಹೋಗುವ ಹಾಗೆಯೇ 42 ದಿನದಲ್ಲಿ ಆರು ಭೇಟಿ. ಯೂನಿಫಾರಂ ಹಾಕದವರು ಹೋಗಲಿ. ನಮಗೆ ಆಶಾಗಳಿಗೆ ಈಗಲೇ ಹೊರಲಾಗದಷ್ಟು ಕೆಲಸ ಇದೆ, ಅದು ನಿಜ. ಆದರೂ ಹೇಳುತ್ತೇನೆ, ತರಬೇತಿ ಕೊಟ್ಟು ಅದಕ್ಕೆ ಸರಿಯಾದ ಗೌರವಧನ ಇಟ್ಟರೆ ಹೋಗುವವರು ಸಿಗುತ್ತಾರೆ. ಇವರಂತೆಯೇ ಒಳಗಿದ್ದು ಬಂದು, ಈಗ ಗಟ್ಟಿಯಾಗಿ ನಿಂತಿರುವವರನ್ನೇ ಜೊತೆಗೆ ಕಳಿಸಿ. ಅವರ ಮಾತು ನಾಟುವ ಹಾಗೆ ನನ್ನ ಮಾತು ನಾಟುವುದಿಲ್ಲ. ಮತ್ತೆ ಆ ಸಾಲು ನಿಲ್ಲಿಸಿ ಫೋಟೋ ತೆಗೆಯುವುದನ್ನು ದಯವಿಟ್ಟು ನಿಲ್ಲಿಸಿ.

ತೋಟದ ಸಾಹುಕಾರರೇ, ಕುಯ್ಲಿನ ಹೊತ್ತಿಗೆ ಅಸ್ಸಾಂನಿಂದ ಬಂದ ಅಪರಿಚಿತರಿಗೆ ನೀವು ಕೆಲಸ ಕೊಡುತ್ತೀರಿ. ಅವರೂ ಹೊಟ್ಟೆಪಾಡಿಗೆ ಬಂದವರೇ, ಕೊಡಬೇಕು. ಈ ಹುಡುಗರು ನಿಮ್ಮ ಕಣ್ಣೆದುರೇ ಬೆಳೆದವರು. ಬೀಗದ ಕೀ ಕೊಡಿ ಅಂತ ಕೇಳುತ್ತಿಲ್ಲ. ಏಳೂವರೆಗೆ ಬಾ ಅನ್ನಿ, ಸಾಕು.

ಊರಿನವರೇ, ಸ್ಟೀಲ್ ಲೋಟ.

ಮನೆಯಲ್ಲಿ ಈ ಕಷ್ಟ ಇದ್ದು ಯಾರಿಗೂ ಹೇಳಲಾಗದೆ ಕೂತಿರುವವರಿಗೆ ಎರಡು ನಂಬರ್ ಬರೆದಿರುತ್ತೇನೆ. ವ್ಯಸನದ ಬಗ್ಗೆ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ಮೊದಲ ಸಲ ನಾನು ಫೋನ್ ಮಾಡಿದಾಗ ಮಾತು ಹೊರಡದೆ ಕಟ್ ಮಾಡಿದ್ದೆ. ಎರಡನೇ ಸಲ ಮಾತಾಡಿದೆ. ನೀವೂ ಹಾಗೆ ಮಾಡಬಹುದು.

ಬರುವ ಬುಧವಾರ ನಮ್ಮ ಪಕ್ಕದ ಊರಿನ ಒಬ್ಬ ಹುಡುಗ ಬಿಡುಗಡೆ ಆಗುತ್ತಿದ್ದಾನೆ. ಇಪ್ಪತ್ತಮೂರು ವರ್ಷ. ತಾಯಿ ಒಬ್ಬರೇ, ತೋಟದ ಲೈನ್‌ಮನೆಯಲ್ಲಿದ್ದಾರೆ. ಅವರ ಒಪ್ಪಿಗೆ ಕೇಳಿ ಬಂದಿದ್ದೇನೆ. ಮೂರನೇ ದಿನ ಅಂದರೆ ಶುಕ್ರವಾರ. ಡ್ಯೂಟಿ ಮುಗಿಸಿ ಸಂಜೆ ನಾನೂ ನನ್ನ ತಮ್ಮನೂ ಆ ಮನೆಗೆ ಹೋಗುತ್ತೇವೆ. ಆಮೇಲೆ ಏಳನೇ ದಿನ, ಹದಿನಾಲ್ಕನೇ ದಿನ. ಇದಕ್ಕೆ ಇನ್ನೂ ಫಾರಂ ಇಲ್ಲ, ಹಾಗಾಗಿ ನನ್ನ ಹಳೆಯ ನೋಟ್ ಪುಸ್ತಕದಲ್ಲಿ ಆರು ಗೆರೆ ಎಳೆದಿಟ್ಟಿದ್ದೇನೆ. ತಮ್ಮ ಈಗಲೇ ಒಂದು ಪೊಟ್ಟಣ ಏಲಕ್ಕಿ ಕಟ್ಟಿ ಆ ಪುಸ್ತಕದ ಪಕ್ಕ ಇಟ್ಟಿದ್ದಾನೆ.

ಇಂತಿ,
ಒಬ್ಬ ಅಕ್ಕ
ಸೋಮವಾರಪೇಟೆ ತಾಲ್ಲೂಕು, ಕೊಡಗು